ಫ್ರೆಂಚ್ ಸೀಸೆಗೆ ಗಂಗಾಂಬಿಕೆ ಹೇಳಿದ ಪಥ್ಯ

ನರಸಿಂಹರಾಜಪುರದಲ್ಲಿ ಔಷಧಿ ಕೊಡುವುದು ಪಂಡಿತರ ಕೆಲಸವಾದರೆ, ಅದಕ್ಕೆ ಪಥ್ಯ ಹೇಳುವುದು ಗಂಗಾಂಬಿಕೆಯ ಕೆಲಸವಾಗಿತ್ತು. ಯಾರೂ ವಹಿಸಿದ್ದಲ್ಲ. ಲೇಹ್ಯದ ಭರಣಿ ಹಿಡಿದು ಪಂಡಿತರ ಮನೆಯಿಂದ ಹೊರಟವರು ದಾರಿಯಲ್ಲಿ ಅವಳ ಜಗಲಿ ಹತ್ತಿ, “ಇದಕ್ಕೆ ಬದನೆಕಾಯಿ ನಡೀತದಾ, ಗಂಗಕ್ಕ?” ಎಂದು ಕೇಳಿಯೇ ಮನೆಗೆ ಹೋಗುತ್ತಿದ್ದರು. ಯಾವ ಮದ್ದಿಗೆ ಯಾವ ಊಟ ಹೊಂದುತ್ತದೆ, ಯಾವುದು ಜಗಳ ತೆಗೆಯುತ್ತದೆ ಎಂಬುದು ಅವಳಿಗೆ ಊರಿನ ನೆಂಟಸ್ತಿಕೆಗಳಷ್ಟೇ ಬಾಯಿಪಾಠ.

ಅಂಥವಳ ಗಂಡ ರೇಣುಕಪ್ಪನೇ ಊಟ ಬಿಟ್ಟಿದ್ದ. ಜ್ವರವಿಲ್ಲ, ನೋವಿಲ್ಲ. ಬಟ್ಟೆ ಅಂಗಡಿಯಿಂದ ಬಂದು ತಟ್ಟೆಯ ಮುಂದೆ ಕೂತು, ಎರಡು ತುತ್ತು ತಿಂದು “ರುಚಿ ಇಲ್ಲ” ಎಂದು ಏಳುತ್ತಿದ್ದ. ಯುಗಾದಿಗೆ ಹಿಡಿದದ್ದು ಕಾರಹುಣ್ಣಿಮೆ ಬಂದರೂ ಬಿಟ್ಟಿರಲಿಲ್ಲ. ಉಂಗುರ ಬೆರಳಿನಿಂದ ಜಾರಿ ಬೀಳತೊಡಗಿದಾಗ ಅವಳು ಅದಕ್ಕೆ ದಾರ ಸುತ್ತಿಕೊಟ್ಟಳು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಆ ವರ್ಷ ಚಿಟ್ಟೆ ಹಿಡಿಯುವ ಫ್ರೆಂಚ್ ದೊರೆಯೊಬ್ಬ ಊರಿನ ಸರ್ಕಾರಿ ಬಂಗಲೆಯಲ್ಲಿ ಇಳಿದಿದ್ದ. ಅವನ ಬಲೆ ಹರಿದಾಗ ರೇಣುಕಪ್ಪ ಸೊಳ್ಳೆಪರದೆಯ ಬಟ್ಟೆಯಲ್ಲಿ ಹೊಸದು ಹೊಲಿಸಿಕೊಟ್ಟಿದ್ದ. ಮಳೆ ಹಿಡಿಯಿತೆಂದು ಊರು ಬಿಡುವ ದಿನ ದೊರೆ ಮನೆಗೇ ಬಂದು, ಕಪ್ಪುಗೆಂಪು ರಸದ ಸೀಸೆಯೊಂದನ್ನು ಜಗಲಿಯ ಮೇಲಿಟ್ಟು ಏನೇನೋ ವಿವರಿಸಿದ. ಜೊತೆಗೆ ಬಂದಿದ್ದ, ಬಂಗಲೆ ನೋಡಿಕೊಳ್ಳುವ ಮೇಟಿ ರಂಗಪ್ಪ ಅದನ್ನು ಕನ್ನಡಕ್ಕೆ ತಂದ.

“ಇದು ದ್ರಾಕ್ಷಿಯದ್ದು, ಅಮ್ಮ,” ಎಂದವನು ಇದು ಲಿಂಗವಂತರ ಮನೆಯೆಂದು ನೆನಪಾಗಿ ಮುಂದಿನ ಮಾತು ನುಂಗಿಕೊಂಡ. “ಊಟದ ಜೊತೆ ತಗೋಬೇಕಂತೆ. ಎಂಥ ಊಟ ಅನ್ನೋದೇ ಮುಖ್ಯವಂತೆ. ಊಟ ತಪ್ಪಿದರೆ ಎರಡೂ ಕೆಡ್ತವಂತೆ.”

ಗಂಗಾಂಬಿಕೆಯ ಕಿವಿ ನೆಟ್ಟಗಾಯಿತು. “ನುಂಗೋದೋ, ಮುಕ್ಕಳಿಸಿ ಉಗಿಯೋದೋ? ಕೇಳು.”

ರಂಗಪ್ಪ ಕೇಳಿದ. “ಮೊದಲು ಮೂಸಬೇಕಂತೆ. ಬಾಯಲ್ಲಿ ಆಡಿಸ್ಬೇಕಂತೆ. ಆಮೇಲೆ ಎರಡೂ ಮಾಡ್ತಾರಂತೆ.”

“ದ್ರಾಕ್ಷಾರಿಷ್ಟ,” ಎಂದು ಗಂಗಾಂಬಿಕೆ ತೀರ್ಮಾನಿಸಿದಳು. “ನಮ್ಮದೇ. ಅಲ್ಲಿಗೆ ಹೋಗಿ ಬಂದಿದೆ.”

ಬಿರಡೆಯನ್ನು ದಬ್ಬಣದಿಂದ ಕುಟ್ಟಿ ಪುಡಿಮಾಡಿ, ರಸವನ್ನು ಬಟ್ಟೆಯಲ್ಲಿ ಸೋಸಿ, ಕೂಸುಗಳಿಗೆ ಮದ್ದು ಹಾಕುವ ಬೆಳ್ಳಿಯ ಒಳಲೆಗೆ ತುಂಬಿದಳು. ಮೊದಲ ದಿನ ಹಾಲನ್ನದ ಜೊತೆ. ಮೀಸೆಯ ಗಂಡಸು ಕತ್ತೆತ್ತಿ ಒಳಲೆಯ ಮೂತಿಗೆ ಬಾಯಿ ಕೊಟ್ಟ. ಮರುಕ್ಷಣ ಅವನ ಮುಖ ಹಿಂಡಿದ ಪಂಚೆಯಂತಾಯಿತು.

“ಎಂತ ಆಯ್ತು?”

“ಮಳೆಗಾಲದಲ್ಲಿ ಅಂಗಡಿ ಬಾಗಿಲು ತೆಗೆದರೆ ಮುಗ್ಗಲು ಹಿಡಿದ ಬಟ್ಟೆ ಥಾನಿನ ವಾಸನೆ ಬರ್ತದಲ್ಲ, ಅದು. ಹಿಂದೆಯೇ ನೇರಳೆಹಣ್ಣು. ಕೊನೆಗೆ ಅಡಿಕೆ ಬೇಯಿಸಿದ ಚೊಗರು ಕುಡಿದ ಹಾಗೆ ನಾಲಿಗೆ ಮಡಚ್ಕೊಂತು. ಹಾಲಿಗೂ ಇದಕ್ಕೂ ಏಳು ಜನ್ಮದ ಹಗೆ, ಮಾರಾಯ್ತಿ!”

ತಿಂಗಳುಗಟ್ಟಲೆ ಎರಡೇ ಮಾತಿನಲ್ಲಿ ಊಟ ಮುಗಿಸಿದ ಮನುಷ್ಯ ಒಂದು ಕೆಟ್ಟ ರುಚಿಯ ಬಗ್ಗೆ ಇಷ್ಟು ಹೇಳಿದನಲ್ಲ! ಅವಳು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಮಾರನೆಯ ದಿನ ತಂಬುಳಿ ಮಾಡಿದಳು. “ಹುಳಿಗೆ ಹುಳಿ, ಬೀದಿಜಗಳ,” ಎಂದ. ಸಿಹಿಕಡುಬಿನ ಮುಂದೆ ಸೀಸೆ ಹಾಗಲಕಾಯಿಯಾಯಿತು. ಕಳಲೆ ಪಲ್ಯ ಹತ್ತಿರ ಬಂತು, “ಆದರೆ ಅಂಚು ಕೂಡ್ಲಿಲ್ಲ.” ಕಡೆಗೊಂದು ದಿನ ಬೆಳ್ಳುಳ್ಳಿ ಜಜ್ಜಿ ಹಾಕಿದ ಹುರುಳಿಸಾರು, ಮೇಲೆ ತುಪ್ಪ. ರೇಣುಕಪ್ಪ ಒಂದು ತುತ್ತು ಉಂಡು, ಒಂದು ಗುಟುಕು ಹೀರಿ ಕಣ್ಣು ಮುಚ್ಚಿದ. “ಈಗ ಸೀರೆಗೆ ಸೆರಗು ಸಿಕ್ತು,” ಎಂದು ತಟ್ಟೆ ಮುಂದೆ ಸರಿಸಿ ಇನ್ನಷ್ಟು ಅನ್ನ ಕೇಳಿದ.

ಕೊಪ್ಪದಿಂದ ಅವನ ಅಕ್ಕ ಪ್ರೇಮಕ್ಕ ಬಂದದ್ದು ಅದೇ ವಾರ. ಒಳಲೆ ಮೂಸಿದವಳೇ ಕಿರುಚಿದಳು: “ಇದು ಹೆಂಡ! ನಮ್ಮ ಮನೆ ಎದುರೇ ಹೆಂಡದಂಗಡಿ ಇರೋದು, ನನಗೆ ಗೊತ್ತಾಗಲ್ವಾ? ಕೊರಳಲ್ಲಿ ಲಿಂಗ ಇಟ್ಕೊಂಡು ಎಂತ ಕುಡಿಸ್ತಿದ್ದೀಯೇ ನನ್ನ ತಮ್ಮನಿಗೆ?”

ರೇಣುಕಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. ಗಂಗಾಂಬಿಕೆ ನೋಡಿದ್ದು ಆ ತುತ್ತನ್ನು ಮಾತ್ರ.

“ಅತ್ತಿಗೆ, ಆ ಅಂಗಡಿಗೆ ಬರೋರು ಯಾರಾದರೂ ಪಥ್ಯ ಕೇಳಿ ಕುಡಿದದ್ದು ನೋಡಿದ್ದೀರಾ?”

“ಪಥ್ಯ ಎಂತದ್ದು? ಕುಡಿದು ಚರಂಡೀಲಿ ಬೀಳ್ತಾರೆ.”

“ಇದಕ್ಕೆ ಪಥ್ಯ ಉಂಟು. ಹಾಲು ಆಗಲ್ಲ, ಹುಳಿ ಆಗಲ್ಲ, ಸಿಹಿ ಆಗಲ್ಲ. ಹುರುಳಿ ಆಗ್ತದೆ. ಹೆಂಡಕ್ಕೆ ಇಷ್ಟು ನೇಮ ಇರ್ತದಾ?”

ಪ್ರೇಮಕ್ಕ ಒಳಲೆಯನ್ನು ಇನ್ನೊಮ್ಮೆ ಮೂಸಿದಳು. ಆಮೇಲೆ ದನಿ ತಗ್ಗಿಸಿ, “ನನ್ನ ಮಂಡಿನೋವಿಗೆ ಆಗ್ತದಾ?” ಎಂದಳು.

ಆಯಿತು. ಹಾಗಾಗಿಯೇ ಸೀಸೆ ಬೇಗ ಬರಿದಾಯಿತು.

ಪ್ರೇಮಕ್ಕ ಊರಿಗೆ ಹೊರಟ ಮೇಲೆ ಗಂಗಾಂಬಿಕೆಗೆ ದಿಗಿಲು ಹತ್ತಿತು. ಗಂಡ ಉಂಗುರದ ದಾರವನ್ನು ಆಗಷ್ಟೇ ಬಿಚ್ಚಿಟ್ಟಿದ್ದ. ಇನ್ನು ಮತ್ತೆ ‘ರುಚಿ ಇಲ್ಲ’ ಎಂದರೆ? ಅವಳು ಮಳೆಗೆ ಉದುರಿದ ನೇರಳೆಹಣ್ಣು ಆರಿಸಿ ತಂದು ಕುದಿಸಿ, ಒಂದಿಷ್ಟು ಅಡಿಕೆ ಚೊಗರು ಬೆರೆಸಿ, ಸೋಸಿ, ಅದೇ ಸೀಸೆಗೆ ಹೊಯ್ದಳು. ಹುರುಳಿಸಾರು ಬಡಿಸಿ, ಒಳಲೆ ಎದುರಿಟ್ಟು ಸೌಟು ಹಿಡಿದೇ ನಿಂತಳು.

ರೇಣುಕಪ್ಪ ಮೂಸಿದ. ಬಾಯಲ್ಲಿ ಆಡಿಸಿದ. ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ಉಗಿದು ಬಂದ.

“ಬಟ್ಟೆ ವ್ಯಾಪಾರದವನಿಗೆ ನಕಲಿ ಥಾನು ತೋರಿಸ್ತೀಯೇನೆ?”

ಅವನು ಒಳಲೆಯನ್ನು ಪಕ್ಕಕ್ಕೆ ಸರಿಸಿ, ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡ.

“ಸಾರು ಹಾಕು. ಮದ್ದು ಮುಗಿದರೆ ಪಥ್ಯ ಯಾಕೆ ಬಿಡಬೇಕು?”