ಬೋರ್ಡು ಇಳಿಸಿದ್ದು ನಾನು

ಅಂಗಡಿಗಳನ್ನು ಬಾಡಿಗೆಗೆ ಕೊಡಿಸುವುದು ನನ್ನ ಕಸುಬು. ಮಲೇಷ್ಯಾದ ಸುಬಾಂಗ್ ಜಯಾ ಊರಿನಲ್ಲಿ ಯಾರ ಕೈಯನ್ನೂ ಹಿಡಿಯದೆ ಇದನ್ನು ಕಟ್ಟಿಕೊಂಡವಳು ನಾನು. ಸಲಹೆ ಕೇಳಲು ಬಂದವರಿಗೆ, ಕೇಳದೆ ಬಂದವರಿಗೂ, ಮೊದಲು ಹೇಳುವುದು ಒಂದೇ: ಎದುರಿನವರಿಂದ ಏನನ್ನಾದರೂ ಪಡೆಯದೆ ಒಂದು ಹೆಜ್ಜೆಯೂ ಹಿಂದಿಡಬೇಡಿ. ಇದನ್ನು ಒಮ್ಮೆ ನಾನೇ ಮರೆತೆ.

ಉಡುಪಿ ಕಡೆಯ ಹೆರಿಗೆ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಜಾಗ ಕೊಡಿಸಿದ್ದೆ. ಪಕ್ಕದಲ್ಲಿ ಹೂವಿನಂಗಡಿ. ಅದನ್ನು ನಡೆಸುವ ತಮಿಳು ಅಮ್ಮನೇ ಎರಡೂ ಅಂಗಡಿಗಳ ಒಡತಿ. ಹಿಂಬಾಗಿಲಿಗೆ ಹೊಸ ಗ್ರಿಲ್ ಹಾಕಿಸಿಕೊಡಿ ಎಂದು ಅವರ ಜೊತೆ ಮೂರು ದಿನ ಹಗ್ಗಜಗ್ಗಾಟ ನಡೆಸಿ ಗೆದ್ದಿದ್ದೆ.

ಬಸಿರು ಮುಂದುವರಿದರೆ ತಾಯಿಗೆ ಅಪಾಯ ಎಂದು ಕಂಡಾಗ, ಇಲ್ಲಿನ ಕಾನೂನಿನ ಮಿತಿಯೊಳಗೆ, ಡಾಕ್ಟರು ಗರ್ಭಪಾತವನ್ನೂ ಮಾಡುತ್ತಿದ್ದರು. ಅದನ್ನು ಮುಚ್ಚಿಟ್ಟಿರಲಿಲ್ಲ. ಕ್ಲಿನಿಕ್ಕಿನ ಅಂತರ್ಜಾಲ ಪುಟದಲ್ಲಿ ಯಾರೋ ವಾದಕ್ಕೆ ನಿಂತರು, ಆಮೇಲೆ ಬೈಗುಳಕ್ಕೆ ಇಳಿದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಷಟರ್ ಕೆಳಗೆ ಒಡೆದ ಬಾಟಲಿ, ಪೆಟ್ರೋಲ್ ವಾಸನೆ, ಸೊಂಟದೆತ್ತರಕ್ಕೆ ಮಸಿ. ಟಪಾಲು ಡಬ್ಬಿಯಲ್ಲಿ ಒಂದು ಚೀಟಿ: ಮುಂದಿನ ಸಲ ನೀನು ಒಳಗಿರುವಾಗ.

ಪೊಲೀಸರಿಗೆ ದೂರು ಕೊಟ್ಟೆವು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ.

"ಬೋರ್ಡು ಇಳಿಸಿಬಿಡಿ ಡಾಕ್ಟ್ರೇ. ಗಲಾಟೆ ತಣ್ಣಗಾಗೋವರೆಗೆ," ಎಂದೆ.

"ನಾನೆಂತ ಕದ್ದಿದ್ದೇನಾ ಮಾರಾಯ್ರೆ, ಅಡಗಿ ಕೂತ್ಕೊಳ್ಳಿಕ್ಕೆ?"

"ನನ್ ಮಾತು ಕೇಳಿ. ಇಂಥವನ್ನ ನಾನು ಎಷ್ಟು ನೋಡಿಲ್ಲ!"

ಒಂದನ್ನೂ ನೋಡಿರಲಿಲ್ಲ. ಮಧ್ಯಾಹ್ನದೊಳಗೆ ಬೋರ್ಡು ಹಳೆಯ ಬೆಡ್‌ಶೀಟ್ ಹೊದ್ದು ಒಳಗಿನ ಗೋಡೆಗೆ ಒರಗಿತ್ತು.

ಒಂದು ವಾರ ಕಳೆದು ಎರಡನೇ ಚೀಟಿ ಬಂತು: ಬೋರ್ಡು ಹೋಯಿತು, ಒಳ್ಳೆಯದು. ಇನ್ನು ಬಾಗಿಲು ಮುಚ್ಚು. ಚೀಟಿಯನ್ನು ಎರಡು ಸಲ ಓದಿದೆ. ಮುಖವನ್ನೇ ತೋರಿಸದವನಿಗೆ, ಅವನು ಏನನ್ನೂ ಕೊಡದೆ, ಮೊದಲ ಮಾತಿಗೇ ನಾನು ಮಣಿದಿದ್ದೆ. ಅದೂ ಬೇರೆಯವರ ಬೋರ್ಡನ್ನು ಕೊಟ್ಟು.

ಅದೇ ದಿನ ತುಂಬು ಬಸುರಿಯೊಬ್ಬಳು ಬೋರ್ಡು ಕಾಣದೆ ಸಾಲಿನ ಅಂಗಡಿಗಳನ್ನು ಮೂರು ಸುತ್ತು ಸುತ್ತಿ ಹೂವಿನಂಗಡಿಯ ಮೆಟ್ಟಿಲ ಮೇಲೆ ಕುಸಿದಳು. ಒಡತಿಯೇ ಅವಳನ್ನು ತೋಳು ಹಿಡಿದು ಕ್ಲಿನಿಕ್ಕಿಗೆ ತಂದರು. ಬಿಪಿ ವಿಪರೀತ ಏರಿತ್ತು. ಡಾಕ್ಟರು ಔಷಧಿ ಕೊಟ್ಟು, ಆಂಬುಲೆನ್ಸಿನಲ್ಲಿ ತಾವೇ ಜೊತೆಗೆ ಕೂತು ಆಸ್ಪತ್ರೆಗೆ ಹೋದರು. ತಾಯಿ, ಮಗು ಇಬ್ಬರೂ ಉಳಿದರು.

ಸಂಜೆ ಒಡತಿ ನನ್ನನ್ನು ಕರೆಸಿದರು. ಕ್ಲಿನಿಕ್ ಖಾಲಿ ಮಾಡಿಸುತ್ತಾರೆ ಎಂದೇ ನನ್ನ ಲೆಕ್ಕ. ಗರ್ಭಪಾತ ಎಂದರೆ ಅವರಿಗೆ ಆಗದು. ಹಾಗಾಗಿ ನಾಲ್ಕು ವಾದಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಅವರು ಮಲ್ಲಿಗೆ ಕಟ್ಟುತ್ತ, ತಲೆ ಎತ್ತದೆ, ತಮಿಳೂ ಇಲ್ಲಿಯವರ ಮಾತಿನ ಕೊನೆಯ 'ಲಾ'ವೂ ಬೆರೆತ ಕನ್ನಡದಲ್ಲಿ ಕೇಳಿದರು:

"ಬೋರ್ಡು ಇಳಿಸಿದ್ದು ಯಾರಮ್ಮಾ?"

"ನಾನೇ."

"ನೀನಾ? ಒಂದು ಗ್ರಿಲ್‌ಗೆ ಮೂರು ದಿನ ನನ್ನ ತಲೆ ತಿಂದವಳು, ಆ ಪೋಕರಿಗೆ ಸುಮ್ನೆ ಕೊಟ್ಬಿಟ್ಯಾ ಲಾ?"

ಅವರು ಇನ್ನಷ್ಟು ಮೊಗ್ಗು ಎಳೆದುಕೊಂಡು ಮುಂದುವರಿಸಿದರು.

"ಡಾಕ್ಟ್ರು ಮಾಡೋದು ಪಾಪ. ಅವರ ಮುಖಕ್ಕೇ ಹೇಳ್ತೀನಿ, ದಿನಾ ಹೇಳ್ತೀನಿ. ಅದಕ್ಕೆ ಬೆಂಕಿ ಇಡೋದಾ? ಇವತ್ತು ಆ ಹುಡುಗಿ ಒಳಗಿದ್ಲು. ಅವಳ ಹೊಟ್ಟೆಯಲ್ಲಿ ಮಗು ಇತ್ತು. ಬಾಟಲಿ ಎಸೆಯೋನು ನೋಡಿ ಎಸೀತಾನಾ?" ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದರು. "ಬೋರ್ಡು ಹಾಕಿಸು."

ನನಗೆ ಉಸಿರು ಬಂತು. ಉಸಿರಿನ ಜೊತೆಗೇ ಬುದ್ಧಿಯೂ.

"ಹಾಕಿಸ್ತೀನಿ. ಅದಕ್ಕೊಂದು ಲೈಟು, ಎರಡು ಕ್ಯಾಮೆರಾ ನಿಮ್ಮ ಕಡೆಯಿಂದ."

"ಒಂದು."

"ಎರಡು. ಎರಡನೇದು ನಿಮ್ಮ ಹೂವಿನಂಗಡೀನೂ ಕಾಯತ್ತೆ."

"ಹೋಗೇ," ಎಂದರು. ಅವರು ಹಾಗೆಂದರೆ ಒಪ್ಪಿದಂತೆ.

ಡಾಕ್ಟರ ಬಳಿ ಈ ಸಲ ಸಲಹೆ ಕೊಡಲಿಲ್ಲ. ಏನು ಮಾಡಲಿ ಎಂದು ಕೇಳಿದೆ. ಅವರು ಬೆಡ್‌ಶೀಟ್ ಎಳೆದು ಪಕ್ಕಕ್ಕೆ ಬಿಸಾಡಿದರು. ಎರಡನೇ ಚೀಟಿಯೂ ಪೊಲೀಸರ ಕೈ ಸೇರಿತು. ಯಾರು ಎಂಬುದು ಇನ್ನೂ ಸಿಕ್ಕಿಲ್ಲ. ಈಗ ಸಲಹೆಗೆ ಬಂದವರಿಗೆ ಇದನ್ನೂ ಹೇಳುತ್ತೇನೆ: ಬೆದರಿಸುವವನ ಜೊತೆ ಚೌಕಾಸಿ ಮಾಡಲು ಹೋಗಬೇಡಿ, ಅವನು ಕೊಳ್ಳಲು ಬಂದವನಲ್ಲ.

ಬೋರ್ಡು ಮೇಲೇರುವಾಗ ನಾನು ಏಣಿ ಹಿಡಿದಿದ್ದೆ. ಕೆಳಗೆ ಒಡತಿ, ಡಾಕ್ಟರು ಇಬ್ಬರೂ ಟೀ ಹಿಡಿದು ವಾದ ಶುರುಮಾಡಿಯೇಬಿಟ್ಟಿದ್ದರು.

"ಅದೂ ಒಂದು ಜೀವ ಡಾಕ್ಟ್ರೇ."

"ತಾಯಿ ಎಂತ ಕಲ್ಲಾ ಅಮ್ಮಾ?"

ಡ್ರಿಲ್ಲಿನ ಸದ್ದಿಗೆ ಇಬ್ಬರೂ ದನಿ ಏರಿಸಿದರು.