ತಂಗಿಗೆ ಕಳಿಸಿದ ತೆಳು ರೊಟ್ಟಿ

ಹೋದ ವರ್ಷ ಶ್ರಾವಣ ಮಾಸದಲ್ಲಿ ರೋಣದ ಬಸ್ ಸ್ಟ್ಯಾಂಡಿನಲ್ಲಿ ನನ್ನ ತಂಗಿ ಸುವರ್ಣಾ ನನ್ನ ಕಣ್ಣೆದುರಿಗೇ ಕುಸಿದು ಬಿದ್ದಳು. ಬಿಸಿಲಿಗೆ ಹಾಗಾಯಿತು ಎಂದು ಊರಲ್ಲಿ ಎಲ್ಲರಿಗೂ ಹೇಳಿದೆ. ಬಿಸಿಲಿಗಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಓದಿದ್ದು ಐದನೇ ಇಯತ್ತೆಯವರೆಗೆ ಮಾತ್ರ. ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯಲೇಬೇಕು ಅನಿಸಿದೆ.

ನಾನು ಗಜೇಂದ್ರಗಡದಲ್ಲಿ ರೊಟ್ಟಿ ಮಾಡಿ ಮಾರುತ್ತೇನೆ. ಇಬ್ಬರು ಹೆಣ್ಣುಮಕ್ಕಳು ಕೂಲಿಗೆ ಬಂದು ನನ್ನ ಜೊತೆ ಬಡಿಯುತ್ತಾರೆ. ನಮ್ಮ ಜೋಳದ ರೊಟ್ಟಿ ಇಲ್ಲಿಯ ಖಾನಾವಳಿಗಳಿಗೆ, ರೋಣ, ನರಗುಂದದ ಅಂಗಡಿಗಳಿಗೆ ಹೋಗುತ್ತದೆ. ಸುವರ್ಣಾ ನನಗಿಂತ ಆರು ವರ್ಷ ಚಿಕ್ಕವಳು. ನಮ್ಮದೇ ಓಣಿಯಲ್ಲಿ ಮೂರು ಮನೆ ಆಚೆಗೆ ಇದ್ದಾಳೆ. ಮಗ್ಗದಲ್ಲಿ ಸೀರೆ ನೇಯುತ್ತಾಳೆ. ಗಂಡ ಲಾರಿ ಓಡಿಸುವುದರಿಂದ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಒಬ್ಬಳೇ ಮಗಳು ಪೂರ್ಣಿಮಾ, ಪಿಯುಸಿ ಓದುತ್ತಿದ್ದಾಳೆ.

ಸುವರ್ಣಾಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗುತ್ತಿದ್ದಳು. ಕುಳಿತು ಮಾಡುವ ಕೆಲಸ, ಮೈ ತೂಕ ಎಂಬತ್ತೆರಡಕ್ಕೆ ಹೋಗಿತ್ತು. ಹೋದ ವರ್ಷದ ಯುಗಾದಿ ಮುಗಿದ ಮೇಲೆ ರೋಣದ ಡಾಕ್ಟರು, "ಆರು ತಿಂಗಳಲ್ಲಿ ಆರೇಳು ಕಿಲೋ ಇಳಿಸಿ" ಎಂದು ಹೇಳಿ, ಊಟದ ಲೆಕ್ಕ ಹೇಳಿಕೊಡುವ ಮೇಡಮ್ಮರ ಹತ್ತಿರ ಕಳಿಸಿದರು. ಜೊತೆಗೆ ನಾನೂ ಹೋಗಿದ್ದೆ. ಸುವರ್ಣಾ ಡಬ್ಬಿಯಲ್ಲಿ ತಾನೇ ಮಾಡಿದ ರೊಟ್ಟಿ ಒಯ್ದಿದ್ದಳು. ಮೇಡಮ್ಮರು ಅದನ್ನೇ ಸಣ್ಣ ಕಾಟಾದ ಮೇಲೆ ಇಟ್ಟು ತೂಗಿ, ಇಂಥ ಒಂದು ರೊಟ್ಟಿಗೆ ಇಷ್ಟು ಕ್ಯಾಲೊರಿ ಎಂದು ಬರೆದರು. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ಸಂಜೆಗೆ ಎರಡು. ಕಾಳು, ಪಲ್ಯ, ಮಜ್ಜಿಗೆಗೂ ಒಂದೊಂದು ಅಳತೆ ಹಾಕಿಕೊಟ್ಟರು. "ಇದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಗುಳಿಗೆ ತೆಗೆದುಕೊಳ್ಳುವವರು ಉಪವಾಸ ಬೀಳಬಾರದು" ಎಂದು ಎರಡೆರಡು ಸಲ ಹೇಳಿದರು.

ಮನೆಗೆ ಬಂದ ಮೇಲೆ ಸುವರ್ಣಾ, "ಅಕ್ಕಾ, ಒಲಿ ಮುಂದ ಕುಂತರ ನನ್ನ ಕೈ ನಿಲ್ಲೂದಿಲ್ಲ. ಬಡಿಯೂತ್ಲೇ ಒಂದ ತಿಂದಬಿಡತೇನಿ" ಅಂದಳು.

"ನೀ ಒಲಿ ಕಡೆ ಬರಬ್ಯಾಡ. ನಿನ್ನ ರೊಟ್ಟಿ ಜವಾಬ್ದಾರಿ ನಂದು" ಎಂದೆ ನಾನು.

ಅಂದಿನಿಂದ ದಿನಾ ಬೆಳಿಗ್ಗೆ ಎಣಿಸಿ ಐದು ರೊಟ್ಟಿ ಕಳಿಸತೊಡಗಿದೆ. ಪೂರ್ಣಿಮಾ ತನ್ನ ಹಳೇ ನೋಟುಬುಕ್ಕಿನಲ್ಲಿ ಗೆರೆ ಎಳೆದು ತಿಂದದ್ದನ್ನೆಲ್ಲ ಬರೆದು, ಸಂಜೆ ಕ್ಯಾಲೊರಿ ಕೂಡಿಸುತ್ತಿದ್ದಳು. ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ತೂಕ ಇಳಿದದ್ದು ನೋಡಿ ನಮಗೇ ಆಶ್ಚರ್ಯ. ಮೊದಲ ತಿಂಗಳಲ್ಲೇ ನಾಲ್ಕು ಕಿಲೋ. ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಏಳು. ಔಷಧಿ ಅಂಗಡಿಯ ಕಾಟಾದ ಮೇಲೆ ನಿಂತು ಸುವರ್ಣಾ ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದಳು. ಅವಳ ಕುಪ್ಪಸಗಳನ್ನೆಲ್ಲ ಹೊಲಿಗೆ ಹಾಕಿ ಸಣ್ಣ ಮಾಡಿಸಬೇಕಾಯಿತು. ಓಣಿಯ ಹೆಣ್ಣುಮಕ್ಕಳು ನನ್ನ ಕಟ್ಟೆಗೆ ಬಂದು ಕೂರತೊಡಗಿದರು. "ನೀಲಕ್ಕಾ, ನಮಗೂ ಹೇಳವಾ, ಏನ ಕೊಟ್ಟಿ ನಿನ್ನ ತಂಗಿಗೆ?" ಎಂದು ಕೇಳುವವರು. "ಡಾಕ್ಟರಕಿಂತ ನೀಲಕ್ಕನ ಕೈಗುಣ ದೊಡ್ಡದs" ಎನ್ನುವವರು. ಜೀವನದಲ್ಲಿ ಯಾರೂ ನನ್ನನ್ನು ಶಾಣ್ಯಾ, ಬುದ್ಧಿವಂತೆ ಎಂದು ಕರೆದಿರಲಿಲ್ಲ. ಈಗ ಕರೆದರು. ನಮ್ಮ ಸ್ವಸಹಾಯ ಸಂಘದವರು ಮುಂದಿನ ಸಭೆಯಲ್ಲಿ ತೂಕ ಇಳಿಸುವ ಬಗ್ಗೆ ನೀನೇ ಮಾತಾಡಬೇಕು ಎಂದರು.

ಆ ಸಭೆಗೆ ಇನ್ನೂ ಮೂರು ದಿನ ಇತ್ತು. ರೊಟ್ಟಿ ಬಡಿಯಲು ಹೊಸದಾಗಿ ಒಬ್ಬ ಹೆಣ್ಣುಮಗಳು ಬಂದಿದ್ದಳು. ನಾನು ನನ್ನ ಗಂಡನಿಗೆ ಎರಡು ರೊಟ್ಟಿ ಬಡಿದು, ಮತ್ತೆ ಮಾರುವ ರೊಟ್ಟಿಗೆ ಕೈ ಹಚ್ಚಿದಾಗ ಅವಳು ನೋಡಿ ನಕ್ಕಳು.

"ಏನವಾ ನಗತಿ?"

"ಏನಿಲ್ರಿ ಅಕ್ಕಾರ. ಮನಿಯಾವರಿಗೆ ಇಷ್ಟ ದೊಡ್ಡ ಮುಟಗಿ ಹಿಟ್ಟ, ಗಿರಾಕಿಗೆ ಅದರಾಗ ಅರ್ಧಾ! ಅಗಲ ಮಾತ್ರ ಎರಡೂ ಅಷ್ಟs ಅದಾವ ನೋಡ್ರಿ."

ಇದು ನಮ್ಮ ಕಸುಬಿನ ರೀತಿ, ಮೋಸವಲ್ಲ. ಮಾರುವ ರೊಟ್ಟಿಯನ್ನು ಕಾಗದದ ಹಾಗೆ ತೆಳ್ಳಗೆ ಬಡಿದು ಕಟಕಟ ಎನ್ನುವ ಹಾಗೆ ಒಣಗಿಸುತ್ತೇವೆ. ಹಾಗಿದ್ದರೇ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ, ಗಿರಾಕಿಗಳೂ ಅದನ್ನೇ ಕೇಳುತ್ತಾರೆ. ಮನೆಯದು ದಪ್ಪ, ಮೆತ್ತಗೆ. ಇಪ್ಪತ್ತು ವರ್ಷದಿಂದ ನನ್ನ ಕೈ ತಾನಾಗಿಯೇ ಎರಡು ಅಳತೆಯ ಹಿಟ್ಟು ಹಿಡಿಯುತ್ತಿತ್ತು. ನಾನು ಮಾತ್ರ ರೊಟ್ಟಿ ಎಂದರೆ ರೊಟ್ಟಿ ಎಂದುಕೊಂಡಿದ್ದೆ. ತೆಳ್ಳಗಿದ್ದರೇನು, ಅಗಲ ಅಷ್ಟೇ ಇದೆಯಲ್ಲ ಎಂದು ಸುವರ್ಣಾಳೂ ಎಣಿಕೆಯನ್ನಷ್ಟೇ ನೋಡಿದ್ದಳು. ಮೇಡಮ್ಮರು ತೂಗಿದ್ದು ಸುವರ್ಣಾ ಮನೆಯಲ್ಲಿ ಮಾಡಿದ ದಪ್ಪ ರೊಟ್ಟಿ. ನಾನು ಎರಡು ತಿಂಗಳು ಕಳಿಸಿದ್ದು ಮಾರಾಟದ ರಾಶಿಯಿಂದ ತೆಗೆದ ತೆಳು ರೊಟ್ಟಿ. ನೋಟುಬುಕ್ಕಿನಲ್ಲಿ ಐದು ರೊಟ್ಟಿಯ ಕ್ಯಾಲೊರಿ, ತಂಗಿಯ ಹೊಟ್ಟೆಯಲ್ಲಿ ಎರಡೂವರೆ.

ಆವತ್ತೇ ಮೂರು ಮನೆ ದಾಟಿ ಹೋಗಿ ಹೇಳಿದ್ದರೆ ನಕ್ಕು ಮುಗಿಸುವ ಮಾತಾಗಿತ್ತು. ನಾನು ಹೇಳಲಿಲ್ಲ. ಸಂಘದ ಸಭೆ ಮುಗಿಯಲಿ ಅಂದುಕೊಂಡೆ. ಸಭೆಯಲ್ಲಿ ಮೈಕು ಹಿಡಿದು ಮಾತಾಡಿದೆ, ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಹೇಳಲು ಬಾಯಿಯೇ ಬರಲಿಲ್ಲ. ದಪ್ಪ ರೊಟ್ಟಿ ಕಳಿಸಿದರೆ ತೂಕ ಇಳಿಯುವುದು ನಿಂತೀತು, ಜನ ಯಾಕೆ ಎಂದು ಕೇಳಿಯಾರು ಎಂಬ ಭಯ. ಅದಕ್ಕೆ ಗೊತ್ತಿದ್ದೂ ಗೊತ್ತಿದ್ದೂ ಅದೇ ತೆಳು ರೊಟ್ಟಿ ಕಳಿಸಿದೆ. ಮೂರು ತಿಂಗಳಿಗೆ ತೋರಿಸಲು ಬರಬೇಕು ಎಂದು ಡಾಕ್ಟರು ಹೇಳಿದ್ದರು. ಮೇಡಮ್ಮರು ಮತ್ತೆ ಡಬ್ಬಿ ತೆಗೆಸಿಯಾರು ಎಂದು, "ಇಷ್ಟ ಚಲೋ ಇಳದೀಯಲ್ಲ, ಈಗ್ಯಾಕ ಹೋಗತಿ" ಎಂದು ಅದನ್ನೂ ಮುಂದೂಡಿಸಿದೆ.

ಸುವರ್ಣಾ, "ಅಕ್ಕಾ, ಭಾಳ ಹಸಿವ್ಯಾಗತೈತಿ. ಮಗ್ಗದಾಗ ಕುಂತರ ಕೈ ನಡಗತಾವ" ಎಂದು ಒಂದೆರಡು ಸಲ ಹೇಳಿದಳು.

"ನಿಂದೇನ ಹೊಟ್ಟಿಯೋ, ಕಾಳ ತುಂಬೂ ಹಗೇವೋ! ಬರದದ್ದಷ್ಟೂ ತಿಂದೀಯಿಲ್ಲೋ? ಮತ್ತೇನ ಹಸಿವಿ?" ಎಂದು ನಾಲ್ಕು ಜನರ ಎದುರಿಗೆ ಗದರಿದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಹಸಿವು ಎಂಬ ಮಾತನ್ನೇ ಅವಳು ಎತ್ತಲಿಲ್ಲ.

ಶ್ರಾವಣದಲ್ಲಿ ನರಗುಂದದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಕೂಸಿನ ತೊಟ್ಟಿಲು ಕಾರ್ಯ ಇತ್ತು. ಇಬ್ಬರೂ ಬೆಳಿಗ್ಗೆ ಹೊರಟೆವು. ಅವಳು ಗುಳಿಗೆ ನುಂಗಿ, ನನ್ನ ಎರಡು ರೊಟ್ಟಿ ತಿಂದು ಬಂದಿದ್ದಳು. ದಾರಿಯಲ್ಲಿ ಬಸ್ಸು ಕೆಟ್ಟು ಒಂದೂವರೆ ತಾಸು ನಿಂತೆವು. ರೋಣ ಮುಟ್ಟಿದಾಗ ನರಗುಂದದ ಬಸ್ಸು ಹೋಗಿಬಿಟ್ಟಿತ್ತು. ಕಟ್ಟೆಯ ಮೇಲೆ ಕುಳಿತಿದ್ದಾಗ ಅವಳ ಮುಖದಿಂದ ಬೆವರು ಧಾರೆಯಾಗಿ ಇಳಿಯತೊಡಗಿತು. "ಸುವರ್ಣಾ" ಎಂದರೆ, "ಅವ್ವಾ, ಕದಾ ತಗಿ" ಅಂದಳು. ಅವ್ವ ತೀರಿಹೋಗಿ ಹತ್ತು ವರ್ಷ ಆಗಿದೆ. ಎದ್ದು ನಿಲ್ಲಲು ಹೋಗಿ ಹಾಗೆಯೇ ಕುಸಿದಳು.

ಜನ ಸೇರಿದರು. ಒಬ್ಬರು ನೀರು ಹೊಡೆದರು, ಒಬ್ಬರು ಉಳ್ಳಾಗಡ್ಡಿ ಮೂಸಿಸಿರಿ ಎಂದರು. ಅಷ್ಟರಲ್ಲಿ ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದ ಒಬ್ಬ ವಯಸ್ಸಾದ ತಾಯಿ ಜನರನ್ನು ಸರಿಸಿಕೊಂಡು ಬಂದು ಅವಳ ಹಣೆ ಮುಟ್ಟಿ ನೋಡಿದಳು.

"ಸಕ್ಕರಿ ಗುಳಿಗಿ ತಗೋತಾಳೇನ ಇಕಿ?"

"ಹೌದ್ರಿ."

"ಯವ್ವಾ, ಸಕ್ಕರಿ ಇಳದೈತಿ ಇಕಿಗೆ! ನನ್ನ ಗಂಡಗ ಹಿಂಗ ಆಗತಿತ್ತ. ಸರೀರಿ!"

ಆಕೆ ಇಟಗಿ ಭೀಮವ್ವನ ಗುಡಿಗೆ ಹೊರಟಿದ್ದಳಂತೆ. ಕೈಚೀಲದಿಂದ ಸಕ್ಕರೆಯ ಪೊಟ್ಟಣ ತೆಗೆದು ಹಲ್ಲಿನಿಂದ ಹರಿದಳು. ಆಗ ನಾನು ಏನು ಮಾಡಿದೆ ಗೊತ್ತೇ? ಆಕೆಯ ಕೈ ಹಿಡಿದೆ. "ಬ್ಯಾಡ್ರಿ, ಸಕ್ಕರಿ ಅಕಿ ಲೆಕ್ಕದಾಗ ಇಲ್ಲ" ಎಂದೆ.

ಆಕೆ ನನ್ನ ಕೈ ಝಾಡಿಸಿದಳು. "ಎಂಥಾ ಲೆಕ್ಕ ಹಚ್ಚೀಯ ನಮ್ಮವ್ವಾ! ಜೀವ ಹೋಗತೈತಿ!" ಎಂದು ಸುವರ್ಣಾಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎತ್ತಿ ಹಿಡಿದು, "ನುಂಗ ಮಗಳ, ನುಂಗು" ಎನ್ನುತ್ತಾ ಚಿಟಿಕೆ ಚಿಟಿಕೆಯಾಗಿ ಸಕ್ಕರೆ ತಿನ್ನಿಸಿದಳು. ಹತ್ತು ನಿಮಿಷದಲ್ಲಿ ತಂಗಿ ಕಣ್ಣು ತೆರೆದು, "ಬಸ್ಸ ಬಂತೇನು?" ಎಂದು ಕೇಳಿದಳು. ನಾನು ಆ ತಾಯಿಯ ಕಾಲು ಮುಟ್ಟಲು ಬಗ್ಗಿದೆ. "ದೇವರಿಗೆ ತಂದ ಸಕ್ಕರಿ ಹರಿಸಿಬಿಟ್ನಿರಿ" ಎಂದೆ. "ಭೀಮವ್ವಗ ಇಲ್ಲೇ ಮುಟ್ಟಿತ ತಗೋ. ಮೊದಲ ದವಾಖಾನಿಗೆ ಕರಕೊಂಡ ನಡಿ" ಎಂದು ಆಟೋ ಹತ್ತಿಸಿಯೇ ತನ್ನ ಬಸ್ಸಿಗೆ ಹೋದಳು. ಹೆಸರು ಕೇಳುವುದಕ್ಕೂ ಆಗಲಿಲ್ಲ.

ಡಾಕ್ಟರು ಪರೀಕ್ಷೆ ಮಾಡಿ, ತೂಕ ನೋಡಿ ಬೆಚ್ಚಿಬಿದ್ದರು. ನಾಲ್ಕು ತಿಂಗಳಲ್ಲಿ ಹದಿಮೂರು ಕಿಲೋ ಇಳಿದಿತ್ತು. "ಊಟ ಬಿಟ್ಟಿದ್ದೀರಾ?" ಎಂದು ಕೇಳಿದರು. ಸುವರ್ಣಾ ನನ್ನ ಕಡೆ ನೋಡಿದಳು. ಅದೇ ನನಗೆ ಸಿಕ್ಕ ಹೊತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಇಲ್ರಿ ಸಾಹೇಬ್ರ, ಮೇಡಮ್ಮಾರು ಬರದ ಕೊಟ್ಟಷ್ಟೂ ತಿಂದಾಳ್ರಿ. ಒಂದ ರೊಟ್ಟಿನೂ ಕಡಿಮಿ ಮಾಡಿಲ್ರಿ."

ಡಾಕ್ಟರು ಹಳೆಯ ಚೀಟಿ ತಿರುವಿ ನೋಡಿ, "ಇಷ್ಟು ತಿಂದೂ ಇಷ್ಟು ಸುಲಭವಾಗಿ ತೂಕ ಇಳಿಯಬಾರದು. ಒಳಗೆ ಬೇರೆ ಏನಾದರೂ ಇದೆಯೋ ನೋಡಬೇಕು. ಸದ್ಯಕ್ಕೆ ಈ ಗುಳಿಗೆ ನಿಲ್ಲಿಸಿ. ಸೋಮವಾರ ಗದಗಿಗೆ ಹೋಗಿ ಸ್ಕ್ಯಾನ್ ಮಾಡಿಸಿ" ಎಂದು ಚೀಟಿ ಬರೆದರು.

ನಮ್ಮ ಅಪ್ಪನೂ ತೂಕ ಇಳಿದು ಇಳಿದೇ ತೀರಿಕೊಂಡಿದ್ದ; ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಗುವ ಹೊತ್ತಿಗೆ ಕೈ ಮೀರಿ ಹೋಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಸುವರ್ಣಾ ಆ ಚೀಟಿಯನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದಳು. ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಹೇಳಬೇಕೆಂದು ಎರಡು ಸಲ ಅವಳ ಬಾಗಿಲಿನವರೆಗೆ ಹೋಗಿ ಬಂದೆ.

ರವಿವಾರ ಮಧ್ಯಾಹ್ನ ಅವಳೇ ಕರೆಸಿದಳು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು, ನೇಯುತ್ತಿರಲಿಲ್ಲ. ಪೂರ್ಣಿಮಾಳನ್ನು ಏನೋ ತರಲು ಅಂಗಡಿಗೆ ಕಳಿಸಿದ್ದಳು.

"ಅಕ್ಕಾ, ಪೂರ್ಣಿನ ಲಗೂ ಲಗ್ನ ಮಾಡಿ ದಬ್ಬಬ್ಯಾಡ್ರಿ. ಅಕಿ ಎಷ್ಟ ಓದತೇನಿ ಅಂತಾಳ ಅಷ್ಟ ಓದಸು. ಅವರಪ್ಪಗ ತಿಳಿಯೂದಿಲ್ಲ. ನೀ ಶಾಣ್ಯಾ ಅದಿ, ನಿನ್ನ ನಂಬೇನಿ."

ನಾನು ಮಗ್ಗದ ಪಕ್ಕ ನೆಲಕ್ಕೆ ಕುಳಿತೆ. "ನಿನಗ ಏನೂ ಆಗಿಲ್ಲ ಸುವರ್ಣಾ. ನಾ ನಿನ್ನ ಅರ್ಧಾ ಹೊಟ್ಟಿಲೆ ಇಟ್ಟೇನಿ" ಎಂದು ಎಲ್ಲವನ್ನೂ ಹೇಳಿದೆ. ಮಾರಾಟದ ರೊಟ್ಟಿ, ಹಿಟ್ಟಿನ ಮಾತು, ಸಂಘದ ಸಭೆ, ಡಾಕ್ಟರ ಮುಂದೆ ಹೇಳಿದ ಸುಳ್ಳು.

"ಅಂದ್ರ ನನಗ ಅಪ್ಪನ ಜಡ್ಡ ಇಲ್ಲೇನು?" ಎಂದಳು. ಅದನ್ನೇ ಮೂರು ಸಲ ಕೇಳಿದಳು. ಮೊದಲು ನಕ್ಕಳು, ನಗುತ್ತಲೇ ಅಳತೊಡಗಿದಳು. ಆಮೇಲೆ ಕಣ್ಣೊರೆಸಿಕೊಂಡು, "ನಿನಗ ಯಾವಾಗ ತಿಳೀತು?" ಎಂದು ಕೇಳಿದಳು.

"ಎರಡ ತಿಂಗಳ ಆತು."

"ಎರಡ ತಿಂಗಳಾ! ನಾ ದಿನಾ ಹಸಿವಿ ತಡೀಲಾರದ ಹೊಟ್ಟಿ ಮ್ಯಾಲೆ ಒದ್ದಿ ಅರಬಿ ಹಾಕ್ಕೊಂಡ ಮಲಗೇನಿ ಅಕ್ಕಾ. ನನ್ನ ಬಾಯಿನ ಕೆಟ್ಟದ್ದು, ತಿನ್ನೂ ಚಟಾ ಬಿಟ್ಟಿಲ್ಲ ಅಂತ ನನ್ನನ್ನ ನಾನs ಬೈಕೊಂಡೇನಿ. ನೀ ಮೂರ ಮನಿ ಆಚೆ ಕುಂತ ನೋಡಾಕತ್ತಿದ್ದಿ?"

ಅವಳು ಕುಣಿಯಿಂದ ಎದ್ದು ಅಡಿಗೆಮನೆಗೆ ಹೋದಳು. ಹಿಟ್ಟು ಕಲಸುವ ಸಪ್ಪಳ ಕೇಳಿಸಿತು. ನಾನು ಹೊರಗೆ ಹಾಗೆಯೇ ಕುಳಿತಿದ್ದೆ. ನನ್ನನ್ನು ಕರೆಯಲಿಲ್ಲ.

ಸೋಮವಾರ ಗದಗಿಗೆ ಹೋಗುವ ಮೊದಲು ರೋಣದಲ್ಲಿ ಇಳಿದು, ಡಾಕ್ಟರ ಮುಂದೆ, ಮೇಡಮ್ಮರ ಮುಂದೆ ಎರಡೂ ರೊಟ್ಟಿ ಇಟ್ಟು ತಪ್ಪು ಒಪ್ಪಿಕೊಂಡೆ. ಡಾಕ್ಟರು ಬೈಯುತ್ತಾರೆ ಅಂದುಕೊಂಡಿದ್ದೆ. "ಈಗಲಾದರೂ ಹೇಳಿದಿರಲ್ಲ" ಎಂದರು. ಗದಗಿಗೆ ಹೋಗುವುದು ಬೇಡ, ಆದರೂ ಇರಲಿ ಎಂದು ಸುವರ್ಣಾಗೆ ಕೆಲವು ಪರೀಕ್ಷೆ ಅಲ್ಲಿಯೇ ಮಾಡಿಸಿದರು. ಎಲ್ಲ ಸರಿ ಬಂದವು. ಬೇರೆ ಗುಳಿಗೆ, ಬೇರೆ ಅಳತೆ ಬರೆದುಕೊಟ್ಟರು. ಸಂಘದ ಹೆಣ್ಣುಮಕ್ಕಳ ಮುಂದೆಯೂ ಹೇಳಿಕೊಂಡೆ. ಅವರಲ್ಲಿ ಇಬ್ಬರು ಆಗಲೇ ನನ್ನ ಮಾತು ಕೇಳಿ ತೆಳು ರೊಟ್ಟಿ ಒಯ್ಯುತ್ತಿದ್ದರು.

ಸುವರ್ಣಾ ಈಗ ಚೆನ್ನಾಗಿದ್ದಾಳೆ. ಐದು ಕಿಲೋ ತಿರುಗಿ ಏರಿದ್ದಾಳೆ, ಡಾಕ್ಟರು ಅಷ್ಟಿದ್ದರೇ ಸರಿ ಎಂದಿದ್ದಾರೆ. ದೀಪಾವಳಿಯವರೆಗೆ ಅವಳು ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ಪಾಡ್ಯದ ದಿನ ತಾನೇ ಬಂದು, "ಏನ ಮಾಡೀದಿ, ನೀಡು" ಎಂದು ತಾಟು ಹಾಕಿಕೊಂಡು ಕುಳಿತಳು. ಈಗ ವಾರಕ್ಕೊಂದು ಸಲವಾದರೂ ಬರುತ್ತಾಳೆ. ಹಳೆಯದನ್ನು ಎತ್ತಿ ಆಡಿದವಳಲ್ಲ.

ನಾನು ಅವಳಿಗೆ ದಪ್ಪನೆಯ ಬಿಸಿ ರೊಟ್ಟಿಯನ್ನೇ ನೀಡುತ್ತೇನೆ. ಎರಡನೆಯದಕ್ಕೆ ಅವಳು ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾಕ ಅಕ್ಕಾ" ಎನ್ನುತ್ತಾಳೆ. ನಿಜವಾಗಿಯೂ ಸಾಕಾಯಿತೋ, ಅಥವಾ ನನ್ನ ಮುಂದೆ ಇನ್ನೊಂದು ಬೇಡಲು ಅವಳಿಗೆ ಇಂದಿಗೂ ಅಂಜಿಕೆಯೋ, ನನಗೆ ತಿಳಿಯುವುದಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತಾ ನಿಂತುಬಿಡುತ್ತೇನೆ.