ಫ್ರಿಜ್ಜಿನ ಬಾಗಿಲ ಮೇಲೆ ಪದ್ಮಸಂಭವ

ಭೂತಾನಿನ ಹಬ್ಬದಲ್ಲಿ ತೆಗೆದ ಫೋಟೋಗಳನ್ನು ಇಲ್ಲಿ ಅಮೆರಿಕದ ಸರಟೋಗಾ ಊರಿನ ಅಂಗಡಿಯೊಂದರಲ್ಲಿ ಪ್ರಿಂಟು ಹಾಕಿಸಿದೆ. ಗೆಳೆಯ ರಮೇಶನಿಗೆ ತೋರಿಸುವ ಆಸೆ. ಅವನ ಅಪಾರ್ಟ್‌ಮೆಂಟಿನಲ್ಲೇ ಉಳಿದಿದ್ದೇನೆ, ಆದರೆ ಅವನ ಡಾಟ್‌ಕಾಂ ಕಂಪನಿ ಅವನನ್ನು ಸ್ನಾನಕ್ಕೆ, ನಿದ್ದೆಗೆ ಮಾತ್ರ ಮನೆಗೆ ಬಿಡುತ್ತದೆ. ದಿನವಿಡೀ ನನಗೆ ಗುಂಯ್‌ಗುಡುವ ಫ್ರಿಜ್ಜೇ ಜೊತೆ.

ಅದರ ಬಾಗಿಲಿಗೇ ಒಂದು ಫೋಟೋ ಅಂಟಿಸಿದೆ. ಮಠದ ಗೋಡೆಯ ಮೇಲಿಂದ ಬೆಳಗಿನ ಜಾವ ಇಳಿಬಿಟ್ಟ ಭಾರಿ ರೇಷ್ಮೆಯ ಪಟ, ನಡುವೆ ಆ ನಾಡಿಗೆ ಬೌದ್ಧಧರ್ಮ ತಂದ ಗುರು ಪದ್ಮಸಂಭವನ ಚಿತ್ರ. ವರ್ಷಕ್ಕೊಮ್ಮೆ ಮಾತ್ರ ಬಿಚ್ಚುತ್ತಾರೆ. ಕಣ್ಣಾರೆ ಕಂಡರೆ ಸಾಕು, ಪಾಪ ಕಳೆಯುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ನಾನು ಒಂದೇ ಸಮನೆ ಕ್ಲಿಕ್ಕಿಸುತ್ತಿದ್ದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ನನ್ನ ಕ್ಯಾಮೆರಾವನ್ನು ಮೆಲ್ಲಗೆ ಕೆಳಗಿಳಿಸಿ, ಪಟದ ಕಡೆ ಗದ್ದ ಎತ್ತಿ ತೋರಿಸಿದ್ದಳು.

ಸಂಜೆ ರಮೇಶ ಬಂದ, ಕಿವಿಗೆ ಫೋನು. ಫ್ರಿಜ್ಜಿನಿಂದ ಮೊಸರಿನ ಡಬ್ಬ ತೆಗೆದುಕೊಂಡು ಬಾಗಿಲು ಮುಚ್ಚುವಾಗ ಒಂದು ಗಳಿಗೆ ನಿಂತ. ನನ್ನ ಎದೆ ಹಗುರಾಯಿತು.

ಫೋನಿಗೆ ಅಂಗೈ ಅಡ್ಡ ಹಿಡಿದು ಕೇಳಿದ: "ಇದೇನೋ, ಪಿಜ್ಜಾ ಕೂಪನ್ನಾ? ಎಕ್ಸ್‌ಪೈರ್ ಆಗೋಕೆ ಮುಂಚೆ ಆರ್ಡರ್ ಮಾಡ್ಕೊಂಡ್ಬಿಡು. ನಂಗೆ ಮತ್ತೆ ಮೀಟಿಂಗು, ಕಾಯ್ಬೇಡ."

"ಅಲ್ಲ ಕಣೋ, ಇದು..." ಎಂದೆ. ಅಷ್ಟರಲ್ಲಿ ಅವನು ಗೋಡೆ ನೋಡಿಕೊಂಡು ಫೋನಿನಲ್ಲಿ ಮಾತು ಮುಂದುವರಿಸಿದ್ದ.

ಆ ಅಜ್ಜಿ ಗುರುತಿಲ್ಲದವನ ಕ್ಯಾಮೆರಾ ಇಳಿಸಿದ್ದಳು. ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನ ಫೋನು ಇಳಿಸಲು ನನ್ನ ಕೈ ಏಳಲಿಲ್ಲ.